ಗೋಡೆಯಾಚೆಯ ಗಿಟಾರು

ಇಷ್ಟಪಟ್ಟು ಕೇಳಿದ ಹಾಡು ಒಂದೂ ನನ್ನ ನೆನಪಿನಲ್ಲಿ ಉಳಿಯುವುದಿಲ್ಲ. ಬೇಡಪ್ಪಾ ಬೇಡ ಎಂದು ಕಿವಿಗೆ ಹತ್ತಿ ತುರುಕಿಕೊಂಡರೂ ಕೇಳಿಸಿದ್ದು ಮಾತ್ರ ಬಾಯಿಪಾಠವಾಗಿರುತ್ತದೆ. ಹೆಂಡತಿ ಹೇಳಿದ ಸಾಮಾನಿನ ಪಟ್ಟಿ ಗಾಂಧಿಬಜಾರು ತಲುಪುವಷ್ಟರಲ್ಲಿ ಅರ್ಧ ಮರೆತಿರುತ್ತೇನೆ. ಪಕ್ಕದ ಮನೆಯ ಮುನಿರಾಜುವಿನ ರಾಕ್ ಹಾಡುಗಳು ಕಿರುಚಾಟದ ಸಮೇತ ತಲೆಯೊಳಗೆ ಕೂತಿವೆ. ಪುಣ್ಯಾತ್ಮ ತೀರಿಕೊಂಡು ತಿಂಗಳಾಯಿತು. ಹಾಡುಗಳು ಇನ್ನೂ ಮನೆ ಖಾಲಿ ಮಾಡಿಲ್ಲ.

ಚಾಮರಾಜಪೇಟೆಯಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ವಾರವೆಲ್ಲ ಸರ್ಕಾರಿ ಕಚೇರಿಯಲ್ಲಿ ತಲೆ ತಗ್ಗಿಸಿ ಫೈಲು ನೋಡುವ ಗುಮಾಸ್ತ, ಭಾನುವಾರ ವೇದಿಕೆ ಹತ್ತಿದರೆ ಕೂದಲು ಬಿಚ್ಚಿ ಕುಣಿಯುತ್ತಿದ್ದ. ಅದು ಅವನ ಖುಷಿ, ಬಿಡಿ. ನನ್ನ ತಕರಾರೆಲ್ಲ ಸಂಜೆ ಏಳರ ಅಭ್ಯಾಸದ ಬಗ್ಗೆ. ನಾನು ಮೇಷ್ಟ್ರಾಗಿದ್ದವನು, ನಿವೃತ್ತಿಯಾದರೂ ಸುಸ್ತು ನಿವೃತ್ತಿಯಾಗಲಿಲ್ಲ. ಈಸಿಚೇರಿನಲ್ಲಿ ಬಿದ್ದುಕೊಂಡು ಎರಡು ಸಾಲು ಹೇಗೋ ಸಹಿಸುತ್ತಿದ್ದೆ. ಮೂರನೆಯದಕ್ಕೆ, "ಸಾಕು ನಿಲ್ಸಯ್ಯ" ಎಂದು ತರಗತಿಯ ಗಂಟಲಿನಲ್ಲಿ ಕೂಗುತ್ತಿದ್ದೆ. ಪಾಪ, ಎದುರಾಡಿದವನಲ್ಲ. ಒಮ್ಮೆ ದಾರಿಯಲ್ಲಿ ಸಿಕ್ಕಾಗ ಹೆಡ್‌ಫೋನು ಹಾಕಿಕೊಳ್ಳಬಾರದೇ ಎಂದು ಸಲಹೆ ಕೊಟ್ಟೆ. ಮಾರನೆಯ ದಿನವೇ ಒಳ್ಳೆಯದೊಂದನ್ನು ಕೊಂಡು ತಂದು ನನ್ನ ಕೈಗಿಟ್ಟ.

ಹೋದ ಭಾನುವಾರ ಅವನ ಬ್ಯಾಂಡಿನ ಗೆಳೆಯರು ನೆನಪಿನ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅವನ ಹಾಡುಗಳೆಲ್ಲ ಅವರಿಗೆ ಗೊತ್ತು, ಕೊನೆಯದೊಂದನ್ನು ಬಿಟ್ಟು. ಅದನ್ನು ಎರಡು ವರ್ಷದಿಂದ ಮನೆಯಲ್ಲೇ ಕಟ್ಟುತ್ತಿದ್ದನಂತೆ. ಬರೆದಿಡುವವನಲ್ಲ, ಪೂರ್ತಿಯಾಗದೆ ರೆಕಾರ್ಡ್ ಮಾಡುವವನೂ ಅಲ್ಲ. ದಿನಾ ಕೇಳಿದವರು ನೀವೇ, ನೀವೇ ಹಾಡಬೇಕು ಎಂದು ನರೆತ ಗಡ್ಡದ ಡ್ರಮ್ಮರ್ ಮನೆಗೇ ಬಂದು ಕೇಳಿಕೊಂಡ. ಈ ವಯಸ್ಸಿನಲ್ಲಿ ಯಾರಾದರೂ ಹಾಡಲು ಕರೆದರೆ ಒಲ್ಲೆ ಎನ್ನುವಷ್ಟು ವೈರಾಗ್ಯ ನನಗಿಲ್ಲ. ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಹೋದೆ.

ಮೈಕಿನ ಮುಂದೆ ಕಣ್ಣು ಮುಚ್ಚಿ ಶುರು ಮಾಡಿದೆ.

ನಲ್ಲಿ ತಿರುಗಿಸಿದರೆ ಗಾಳಿ ಬಂತು,
ಗಾಳಿಗೂ ಒಂದು ರಾಗ ಬಂತು,
ಬಿಂದಿಗೆ ಹಿಡಿದು ನಿಂತವಳೇ...

ಅಲ್ಲಿಗೆ ನಿಂತೆ. ಮುಂದೇನು? ಮುಂದಿರುವುದು ನನ್ನದೇ ಕೂಗು. ಎರಡು ವರ್ಷದಲ್ಲಿ ಅದರಾಚೆಗೆ ಒಂದು ಪದವನ್ನೂ ಹಾಡಲು ಬಿಟ್ಟಿರಲಿಲ್ಲ ನಾನು. ದುಃಖಕ್ಕೆ ಗಂಟಲು ಕಟ್ಟಿತೆಂದುಕೊಂಡು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಡ್ರಮ್ಮರ್ ತಬ್ಬಿಕೊಂಡು ಅತ್ತ. ನಾನು ತಲೆ ಬಗ್ಗಿಸಿ ಅದನ್ನೆಲ್ಲ ಸ್ವೀಕರಿಸಿದೆ. ಆ ನಾಚಿಕೆಗೇಡಿತನವನ್ನೂ ಒಪ್ಪಿಕೊಂಡುಬಿಡುತ್ತೇನೆ.

ಮುನಿರಾಜುವಿನ ಹೆಂಡತಿ ಜಯಮ್ಮ ಮಾತ್ರ ಅಳಲಿಲ್ಲ. ಕಾಫಿ ತಂದುಕೊಟ್ಟು ಪಕ್ಕದಲ್ಲೇ ನಿಂತರು.

"ಬಿಂದಿಗೆ ಹಿಡ್ಕೊಂಡು ನಿಂತಿದ್ದೋಳು ನಾನೇ ಮೇಷ್ಟ್ರೇ. ಮುಂದೆ ಏನ್ರೀ ಅಂದ್ರೆ, ಹಾಡು ಮುಗೀಲಿ, ಕೇಳಿಸ್ತೀನಿ ಅನ್ನೋರು. ನೀವು ಕೂಗ್ತಿದ್ದಂಗೇ ಗಿಟಾರ್ ಇಟ್ಬಿಡೋರು. ನಿಮ್ಗೇನಾದ್ರೂ ಒಂದಿನ ಮುಂದಿಂದು ಕೇಳಿಸಿತ್ತಾ?"

ಇಲ್ಲ ಎನ್ನುವ ಬದಲು ಜ್ಞಾಪಿಸಿಕೊಂಡು ಹೇಳುತ್ತೇನೆ ಎಂದುಬಿಟ್ಟೆ. ಆಕೆ ನಂಬಿಕೊಂಡು ಕಾಯುತ್ತಿದ್ದಾರೆ, ಅದೇ ಸಂಕಟ. ಅವನ ಹೆಸರಿನಲ್ಲಿ ನಾನೇ ಒಂದು ಸಾಲು ಕಟ್ಟಿ ಕೊಡೋಣವೆಂದು ವಾರದಿಂದ ಪೆನ್ನು ಹಿಡಿದು ಕೂತಿದ್ದೇನೆ. ಬಿಂದಿಗೆ ಹಿಡಿದು ನಿಂತ ಹೆಂಡತಿಗೆ ಗಂಡ ಹೇಳಬಹುದಾದ ಮಾತೆಂದು ನನಗೆ ಈವರೆಗೆ ಹೊಳೆದಿರುವುದು ಇಷ್ಟೇ: "ನೀರನ್ನು ಮಿತವಾಗಿ ಬಳಸು."