ಸ್ವಂತ ಮಾಳಿಗೆ ಇದ್ದವರ ಬಿಸಿನೀರು

ಸೋಲಾರ್ ವಾಟರ್ ಹೀಟರ್ ಮಾರುವವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಿರಾಕಿಯ ಮಾಳಿಗೆ ಹತ್ತಿದರೆ ಸಾಕು. ಇಸವಿ ಎರಡು ಸಾವಿರದ ಆಸುಪಾಸು ನಾನು ಬೆಳಗಾವಿ, ಖಾನಾಪುರಗಳಲ್ಲಿ ಅದೇ ಕೆಲಸ ಮಾಡಿಕೊಂಡಿದ್ದೆ. ಕಟ್ಟಿಗೆ ಎಷ್ಟು ಉಳಿಯುತ್ತದೆ, ಕರೆಂಟ್ ಬಿಲ್ ಎಷ್ಟು ಇಳಿಯುತ್ತದೆ, ಸರ್ಕಾರ ಎಷ್ಟು ಸಬ್ಸಿಡಿ ಕೊಡುತ್ತದೆ, ಎಲ್ಲ ಬಾಯಿಪಾಠ. ಆದರೆ ಸಬ್ಸಿಡಿ ಸ್ವಂತ ಮನೆಯವರಿಗೆ ಮಾತ್ರ. ನಾವೋ ಪೀರನವಾಡಿಯ ಬಾಡಿಗೆ ಮನೆಯವರು. ಹೆಂಡತಿ ದಿನಾ ಬೆಳಿಗ್ಗೆ ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, “ನಮ್ಮ ಮನಿಗಿ ಯಾವಾಗ ಬರತೈತ್ರಿ ಅದು?” ಎನ್ನುತ್ತಿದ್ದಳು. ನನಗೂ ಆಸೆ ಬೇಕಾದಷ್ಟಿತ್ತು, ಮಾಳಿಗೆ ಇರಲಿಲ್ಲ.

ಪೂಜೆ

ಹೀಟರ್ ಕೂಡಿಸಿದ ವಾರಕ್ಕೇ ಶಹಾಪುರದ ಒಬ್ಬ ಅಜ್ಜಿ ಹೇಳಿಕಳಿಸಿದರು: “ಲಗೂನ ಬಾರಪ್ಪಾ, ನಿನ್ನ ನೀರಿಗೆ ಥಂಡಿ ಹತ್ತೈತಿ.”

ಮಾಳಿಗೆ ಹತ್ತಿ ನೋಡಿದರೆ ಹೀಟರಿನ ಗಾಜಿನ ಈ ತುದಿಯಿಂದ ಆ ತುದಿಯವರೆಗೆ ದಪ್ಪಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡು ಹೂವಿನ ರಾಶಿ. ಬಿಸಿಲು ಒಳಗೆ ಹೋಗಲು ಜಾಗವೇ ಇರಲಿಲ್ಲ.

“ಆಯೀ, ವಿಭೂತಿ ಹಿಂದಿನ ಬಾಜು ಹಚ್ಚರಿ,” ಎಂದೆ.

“ಹಿಂದ ಹಚ್ಚಿದ್ರ ಮ್ಯಾಲಿದ್ದ ಶಿವಗ ಹೆಂಗ ಕಾಣತೈತೋ ತಮ್ಮಾ?”

ಅಜ್ಜನ ಹೆಸರು

ಪಾರಿಶ್ವಾಡದಲ್ಲಿ ನಾಲ್ವರು ಅಣ್ಣತಮ್ಮಂದಿರ ಕೂಡುಮನೆ. ಸಬ್ಸಿಡಿ ಅರ್ಜಿಗೆಂದು ಹಿರಿಯಣ್ಣ ಮನೆಯ ಉತಾರ ತಂದುಕೊಟ್ಟ. ಅದರಲ್ಲಿ ಮನೆ ಮಾಲಕರೆಂದು ಎಂದೋ ತೀರಿಹೋದ ಅಜ್ಜನ ಹೆಸರಿತ್ತು.

“ಮಾಲಕರ ಸಹಿ ಬೇಕ್ರಿ. ಮೊದಲ ನಿಮ್ಮ ಹೆಸರಿಗೆ ಮಾಡಿಸ್ಕೋರಿ,” ಎಂದೆ.

ಆತ ಆಚೀಚೆ ನೋಡಿ ದನಿ ತಗ್ಗಿಸಿದ. “ಅಜ್ಜನ ಹೆಸರು ತಗದ ದಿನಾನ ನಾಕೂ ಮಂದಿ ಬ್ಯಾರೆ ಆಗತೀವ್ರಿ. ಒಂದ ಒಲಿ ಆರಸಾಕ ಹೋಗಿ ನಾಕ ಒಲಿ ಹಚ್ಚಿದಂಗ ಆಗತೈತಿ!”

ವಾಪಸು ಬರುವ ಬಸ್ಸಿನಲ್ಲಿ ನನಗೆ ಆ ಸತ್ತ ಅಜ್ಜನ ಮೇಲೆ ಹೊಟ್ಟೆಕಿಚ್ಚಾಯಿತು. ಆತನಿಗೆ ಈಗಲೂ ಒಂದು ಮಾಳಿಗೆ ಇತ್ತು.

ಪ್ರದರ್ಶನ

ಒಂದು ಚಳಿಗಾಲ ಕೋಟೆ ಹತ್ತಿರದ ಮೈದಾನದಲ್ಲಿ ಮನೆಬಳಕೆ ಸಾಮಾನುಗಳ ಪ್ರದರ್ಶನವಿತ್ತು. ನಾವು ನೀರು ತುಂಬಿದ ಹೀಟರನ್ನೇ ಬಿಸಿಲಿಗಿಟ್ಟಿದ್ದೆವು. ಕೊನೆಯ ದಿನ ಮಧ್ಯಾಹ್ನ ಹೆಂಡತಿ ನೋಡಲು ಬಂದಳು. ಕೈಯಲ್ಲಿ ಬಕೆಟ್ಟು, ತಂಬಿಗೆ, ಸೀಗೆಕಾಯಿ ಪುಡಿ.

“ಸಂಜಿಗೆ ಈ ನೀರು ಏನ್ ಮಾಡತೀರಿ?”

“ಚೆಲ್ಲತೀವಿ.”

“ನಾನ ಚೆಲ್ಲತೀನಿ, ಬಾಜು ಸರೀರಿ,” ಎಂದವಳೇ ಬಕೆಟ್ಟು ತುಂಬಿಕೊಂಡು ನಮ್ಮ ಸ್ಟಾಲಿನ ಪರದೆಯ ಹಿಂದೆ ಹೋಗಿ ತಲೆ ತೊಳೆದುಕೊಳ್ಳಲು ಕೂತಳು.

ಆ ಚಳಿಯಲ್ಲೂ ನಾನು ಬೆವೆತುಹೋದೆ. ಪರದೆಯ ಮೇಲೆ ಹಬೆ ಎದ್ದಿತು, ಸೀಗೆಕಾಯಿಯ ವಾಸನೆ ಹರಡಿತು. ನಾಲ್ಕು ದಿನ ನನ್ನ ಭಾಷಣಕ್ಕೆ ನಿಲ್ಲದ ಜನ ಈಗ ಗುಂಪುಗಟ್ಟಿ ನಿಂತರು. ಒಳಗಿನಿಂದ ತಂಬಿಗೆಗೊಂದರಂತೆ “ಆಹಾ” ಕೇಳಿಬರುತ್ತಿತ್ತು. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ದನಿ ಕೇಳಿರಲಿಲ್ಲ. ನಾನು ನಗುತ್ತಲೇ ಗುಂಪಿನವರಿಗೆ ಅರ್ಜಿ ಹಂಚತೊಡಗಿದೆ.

ಅವಳು ಹಸಿ ಕೂದಲು ಹಿಂಡುತ್ತ ಹೊರಬಂದಾಗ ಅರ್ಜಿ ತುಂಬುತ್ತಿದ್ದ ಹೆಂಗಸೊಬ್ಬರು ಕರುಬಿದರು: “ನಿಮಗೇನ್ ಬಿಡ್ರಿ ಅಕ್ಕಾರ, ಸೋಲಾರ್ ಮಾರೋ ಗಂಡ. ಮನ್ಯಾಗ ದಿನಾ ಬಿಸಿನೀರು ಬರತಿರಬೇಕು?”

“ಬರತೈತ್ರಿ,” ಎಂದಳು ಹೆಂಡತಿ. “ಬರೇ ಇವರ ಬಾಯಿಂದ.”