ಅಣುವಿಗೊಂದು ಉಪಕಾರ

ಸ್ಟ್ರಾಟ್‌ಫರ್ಡಿನ ಆಫೀಸಿನಲ್ಲಿ ಸಂಗಮೇಶ ಬೆಳಗ್ಗೆಯೇ ನಿಟ್ಟುಸಿರು ಬಿಟ್ಟದ್ದು ತಪ್ಪಾಯಿತು. ಅದೂ ಸ್ವಲ್ಪ ಗಟ್ಟಿಯಾಗಿ.

ಔಷಧದ ಅಣುಗಳನ್ನು ಕಂಪ್ಯೂಟರಿನಲ್ಲಿ ಕುಣಿಸಿ ನೋಡುವ ಪುಟ್ಟ ಕಂಪನಿ ಅದು. ಕುಣಿಸುವ ಮೊದಲು ಪ್ರತಿ ಪರಮಾಣು ಯಾವ ಬಗೆಯದೆಂದು ಗುರುತು ಹಾಕಬೇಕು, ಮದುವೆಗೆ ಮುಂಚೆ ಗೋತ್ರ ವಿಚಾರಿಸಿದಂತೆ. ಆಮೇಲೆ ಒಂದೊಂದಕ್ಕೂ ಇಷ್ಟಿಷ್ಟು ವಿದ್ಯುತ್ ಚಾರ್ಜು ಹಂಚಬೇಕು. ಎಲ್ಲ ಕೂಡಿದರೆ ಸೊನ್ನೆ ಬರಬೇಕು. ಸಂಗಮೇಶನಿಗೆ ಚೂರು ಹೆಚ್ಚು ಬರುತ್ತಿತ್ತು. ಸಂಜೆ ಗಿರಾಕಿಗಳೆದುರು ಅಣು ಸರಿಯಾಗಿ ಕುಣಿದರೆ ಅವನ ಕೆಲಸ ಕಾಯಂ. ಇಲ್ಲವಾದರೆ ಕೆಲಸದ ಜೊತೆ ವೀಸಾವೂ ಹೋದಂತೆ.

“ಏನಾಯ್ತಪ್ಪಾ?” ಪಕ್ಕದ ಮೇಜಿನ ಹಿರಿಯರಾದ ಶೇಷಾದ್ರಿ ಕೇಳಿದರು.

“ಏನಿಲ್ರಿ ಸರ್, ಎಲ್ಲೋ ಚೂರು ಜಾಸ್ತಿ ಆಗೇತಿ. ನಾನ ನೋಡ್ಕೊಂತೀನಿ.”

ಅವನು ಚಹಾಕ್ಕೆ ಎದ್ದ. ಫೈಲು ಎಲ್ಲರೂ ತೆರೆಯಬಹುದಾದ ಜಾಗದಲ್ಲಿತ್ತು. ಹುಡುಗ ನೊಂದುಕೊಳ್ಳಬಾರದೆಂದು ಶೇಷಾದ್ರಿ ಒಂದು ಆಮ್ಲಜನಕದಿಂದ ಗುಟ್ಟಾಗಿ ಚೂರು ಕಳೆದರು. ಸಂಗಮೇಶ ಬಂದು ತಾನೂ ಕಳೆದ. ಈಗ ಕಡಿಮೆ ಬಂತು. ಅವನು ತಲೆ ಹಿಡಿದು ಕೂತದ್ದನ್ನು ಕಂಡು ಎದುರಿನ ಸಿರಿಶಾ ಕರಗಿಹೋಗಿ, ಸದ್ದಿಲ್ಲದೆ ಚೂರು ಕೂಡಿದಳು. ಅವನೂ ಕೂಡಿದ. ಮಧ್ಯಾಹ್ನದ ಹೊತ್ತಿಗೆ ಆ ಅಣು, ಮೂವರು ಸೊಸೆಯಂದಿರು ಒಬ್ಬರಿಗೊಬ್ಬರು ಹೇಳದೆ ಉಪ್ಪು ಹಾಕಿದ ಸಾರಿನಂತಾಗಿತ್ತು.

“ನನ್ನ ಫೈಲ್ ಯಾರರ ಮುಟ್ಟೀರೇನ್ರಿ?”

ಶೇಷಾದ್ರಿ ಕಿಟಕಿ ನೋಡಿದರು. ಸಿರಿಶಾ ಡಬ್ಬಿ ತೆರೆದು, “ಮೊದ್ಲು ಚಕ್ಲಿ ತಿನ್ನು,” ಎಂದಳು. ಚಕ್ಕುಲಿ ಮುಗಿಯುವಷ್ಟರಲ್ಲಿ ಇಬ್ಬರೂ ಒಪ್ಪಿಕೊಂಡರು.

“ಹೇಳಿ ಮಾಡಿದ್ರೆ ನಿನಗೆ ಬೇಜಾರಾಗ್ತಿತ್ತಲ್ಲಪ್ಪಾ,” ಎಂದರು ಶೇಷಾದ್ರಿ.

“ಕೈ ಮುಗೀತೀನ್ರಿ, ಇನ್ನ ಮುಟ್ಟಬ್ಯಾಡ್ರಿ.”

ಸಂಗಮೇಶ ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಿದ. ಮೊತ್ತ ಸೊನ್ನೆ ಬಂತು. ಕುಣಿಸಿ ನೋಡಿದ, ಅಣು ಮೆಲ್ಲಗೆ, ಮರ್ಯಾದಸ್ಥರ ಮನೆಯ ತೊಟ್ಟಿಲಿನಂತೆ ತೂಗಿತು. ಸಮಾಧಾನದಿಂದ ಮುಖ ತೊಳೆಯಲು ಹೋದ.

ಸಂಜೆ ಕಂಪನಿಯ ಒಡತಿ ಶ್ರೀಲತಾ ಗಿರಾಕಿಗಳನ್ನು ಕರೆತಂದರು. ಸಂಗಮೇಶ ಗುಂಡಿ ಒತ್ತಿದ. ಅಣು ಒಮ್ಮೆ ನಡುಗಿ, ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಪರದೆಯ ತುಂಬ ಸಿಡಿಯಿತು. ಗಿರಾಕಿಗಳು ಕುರ್ಚಿ ಹಿಂದಕ್ಕೆ ಸರಿಸಿದರು. ಅವನು ಶೇಷಾದ್ರಿಯವರತ್ತ ನೋಡಿದ. ಅವರು ಸಿರಿಶಾಳತ್ತ ನೋಡಿದರು. ಅವಳು ಗಂಟಲು ಮುಟ್ಟಿ ಆಣೆ ಮಾಡಿದಳು.

ಎಲ್ಲ ಹೋದ ಮೇಲೆ ಶ್ರೀಲತಾ ಅವನನ್ನು ಒಳಗೆ ಕರೆದು, ಬಾಗಿಲು ಹಾಕಿ, ತಮ್ಮ ಚಹಾವನ್ನೇ ಅವನ ಮುಂದೆ ಸರಿಸಿದರು.

“ಯಾರಿಗೂ ಹೇಳ್ಬೇಡಿ ಸಂಗಮೇಶ್. ಬೆಳಗ್ಗೆಯಿಂದ ನಿಮ್ಮ ಮುಖ ನೋಡಕ್ಕಾಗ್ತಿರ್ಲಿಲ್ಲ. ನೀವು ಮುಖ ತೊಳೆಯೋಕೆ ಹೋದಾಗ ಒಂದು ಹೈಡ್ರೋಜನ್ನಿನ ಬಗೆ ನಾನೇ ಬದಲಾಯಿಸ್ದೆ. ಸರಿ ಮಾಡ್ತಿದೀನಿ ಅಂದ್ಕೊಂಡೆ.”

ಸಂಗಮೇಶನಿಗೆ ಆಸೆ ಚಿಗುರಿತು. “ಹಂಗಾದ್ರ ಮೇಡಂ, ನನ್ನ ಕೆಲಸ...”

“ಗಿರಾಕಿಗಳಿಗೆ ನಾನೇ ಕೆಡಿಸ್ದೆ ಅನ್ನೋಕಾಗತ್ತಾ? ಮುಂದಿನ ತಿಂಗಳು ಇನ್ನೊಂದ್ಸಲ ನೋಡಿ ಅಂತ ಒಪ್ಪಿಸಿದೀನಿ. ಅಲ್ಲೀವರೆಗೂ ನೀವು ಟೆಂಪರರಿನೇ.” ಅವರು ಪ್ರೀತಿಯಿಂದ ಅವನ ಭುಜ ತಟ್ಟಿದರು. “ಹೆದರ್ಬೇಡಿ. ಈ ಸಲ ಆಫೀಸಿನವರೆಲ್ಲ ನಿಮಗೆ ಸಹಾಯ ಮಾಡ್ಬೇಕು ಅಂತ ಹೇಳಿಟ್ಟಿದೀನಿ.”