ಜತ್ತದ ಗಿರಾಕಿಯೂ ನನ್ನ ಪಿಎಚ್.ಡಿ.ಯೂ

ಪ್ರಶ್ನಾವಳಿ ಹಿಡಿದು ಹಳ್ಳಿ ಸುತ್ತುವವನು ನಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕೊಟ್ಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಂದಾದರೂ ತಾನಾಗಿಯೇ ನಡೆದಿರುತ್ತದೆ.

ನಾನು ಮಾಡಗ್ಯಾಳದವನು, ಮರಾಠಿ ರಾಜ್ಯದೊಳಗಿನ ಕನ್ನಡದ ಹಳ್ಳಿ. ಜತ್ತದ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುತ್ತೇನೆ. ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ, ‘ಜತ್ತ ತಾಲೂಕಿನ ಗ್ರಾಹಕರ ಮನೋಭಾವ ಮತ್ತು ಕೊಳ್ಳುವ ರೀತಿ’. ನನ್ನ ಮಾರ್ಗದರ್ಶಕರು ದೊಡ್ಡ ಊರಿನವರು. ವಿಷಯ ಕೇಳಿದ ಕೂಡಲೇ ಮೂಗು ಮುರಿದರು. “ಅಲ್ಲಿ ಗ್ರಾಹಕ ಅಂತ ಯಾರಿದ್ದಾರೆ? ಅಂಗಡಿಯವನು ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುವ ಜನ. ಅವರಿಗೆಂಥ ಮನೋಭಾವ?” ಎಂದು ಮರಾಠಿಯಲ್ಲಿ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಈ ಪ್ರಬಂಧ ಬಿದ್ದರೆ ನನ್ನ ಪದವಿ ಹೋಗುವುದಷ್ಟೇ ಅಲ್ಲ, ಅವರ ಮಾತೇ ಖರೆ ಎಂದಾಗುತ್ತದೆ. ಅದನ್ನು ಮಾತ್ರ ಆಗಗೊಡಬಾರದು ಎಂದುಕೊಂಡು ಮೋಟರ್‌ಸೈಕಲ್ ಹತ್ತಿದೆ.

೧. ಯಜಮಾನರ ಹೆಸರು

ಮೊದಲು ಹೋದದ್ದು ಮುಚ್ಚಂಡಿಗೆ. ಮೊದಲ ಪ್ರಶ್ನೆ, ಮನೆಯ ಯಜಮಾನರ ಹೆಸರು. ಇಷ್ಟು ಸುಲಭದ ಪ್ರಶ್ನೆಗೆ ಕಟ್ಟೆಯ ಮೇಲಿದ್ದ ಹೆಣ್ಣುಮಗಳು ಸೆರಗು ಬಾಯಿಗೆ ಇಟ್ಟುಕೊಂಡು ನಗತೊಡಗಿದಳು. ಗಂಡನ ಹೆಸರು ಹಾಗೆ ಬಾಯಿಬಿಟ್ಟು ಹೇಳಲು ಬರುತ್ತದೆಯೆ? ಪದ್ಯದಲ್ಲಿ ಸುತ್ತಿ ಒಡಪು ಹಾಕಿಯೇ ಹೇಳಬೇಕು. ಪಕ್ಕದ ಮನೆಯಾಕೆ, “ಹಾಕ ಏ, ಸರ ಬರ್ಕೊಳ್ಳಿ” ಎಂದು ಹುರಿದುಂಬಿಸಿದಳು. ಈಕೆ ಗಂಟಲು ಸರಿಮಾಡಿಕೊಂಡಳು:

“ಸಂತ್ಯಾಗ ತಂದೀನಿ ಸಾಬಾನ ವಡಿ,
ಮಾಳಪ್ಪರಾಯರ ಹೆಸರ ಹೇಳೀನಿ, ಬರ್ಕೊಂಡ ನಡಿ!”

ಅಷ್ಟೇ ಸಾಕಾಯಿತು. ಓಣಿಯ ಹೆಂಗಸರೆಲ್ಲ ಕೂಡಿದರು. ಒಬ್ಬಳ ಒಡಪಿಗೆ ಇನ್ನೊಬ್ಬಳ ಒಡಪು. ಸಾಬೂನಿನ ಬ್ರಾಂಡ್ ಯಾವುದೆಂದು ಕೇಳುವ ನನ್ನ ಧ್ವನಿ ಯಾರಿಗೂ ಕೇಳಿಸಲಿಲ್ಲ. ಕಡೆಗೆ ಎಲ್ಲರೂ ನನ್ನ ಕಡೆ ತಿರುಗಿದರು.

“ಸರ, ಈಗ ನಿಮ್ಮ ಪಾಳಿ. ನಿಮ್ಮ ಮನ್ಯಾಗಿನವರ ಹೆಸರ ಹೇಳ್ರಿ. ಹೇಳದ ಬಿಡಂಗಿಲ್ಲ.”

ಪ್ರಶ್ನೆ ಕೇಳುವವನು ನಾನು ಎಂದರೆ ಯಾರು ಕೇಳುತ್ತಾರೆ? ಬೆವರು ಒರೆಸಿಕೊಂಡು ಹೇಗೋ ಎರಡು ಸಾಲು ಜೋಡಿಸಿದೆ. ಪ್ರಾಸ ಕೂಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಮುದುಕಿ ಪಕ್ಕದವಳಿಗೆ ಹೇಳಿದಳು, “ನೆಟ್ಟಗ ಒಡಪ ಹಾಕಲಾಕ ಬರಂಗಿಲ್ಲ. ಇವಗ ಹೆಣ್ಣ ಯಾರ ಕೊಟ್ರವಾ?”

೨. ಇತರೆ

ಯಳವಿಯಲ್ಲಿ ನನ್ನ ಪ್ರಶ್ನೆ ಹೀಗಿತ್ತು: ನಿಮಗೆ ಬೇಕಾದ ಚಹಾಪುಡಿ ಅಂಗಡಿಯಲ್ಲಿ ಇಲ್ಲದಿದ್ದರೆ ಏನು ಮಾಡುತ್ತೀರಿ? ಬೇರೆ ಬ್ರಾಂಡ್ ಕೊಳ್ಳುತ್ತೀರೋ, ಬೇರೆ ಅಂಗಡಿಗೆ ಹೋಗುತ್ತೀರೋ, ಬರುವ ತನಕ ಕಾಯುತ್ತೀರೋ?

ಹೊಲದಿಂದ ಆಗತಾನೇ ಬಂದಿದ್ದ ಆಯಿ ಒಬ್ಬಳು ಮೂರನ್ನೂ ಕೇಳಿಸಿಕೊಂಡು, “ಬೈತೀನಿ” ಅಂದಳು.

“ಯಾರಿಗೆ?”

“ಅಂಗಡಿಯವಗ. ಮತ್ಯಾರಿಗೆ, ನಿನಗೇನು?”

ಪುಸ್ತಕಗಳಲ್ಲಿ ಅಂಥ ಆಯ್ಕೆ ಇಲ್ಲ. ‘ಇತರೆ’ ಎಂಬಲ್ಲಿ ಗುರುತು ಹಾಕಿದೆ. ಮುಂದಿನ ಮನೆಯಲ್ಲೂ ಬೈತೀವಿ, ಅದರ ಮುಂದಿನ ಮನೆಯಲ್ಲೂ ಬೈತೀವಿ. ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುವ ಜನವಂತೆ! ನನಗೆ ಒಳಗೊಳಗೇ ಖುಷಿ. ಖಾತ್ರಿ ಮಾಡಿಕೊಳ್ಳೋಣವೆಂದು ನೇರ ಅಂಗಡಿಗೇ ಹೋದೆ. ಗಿರಾಕಿ ಕೇಳಿದ ಮಾಲು ಇಲ್ಲದಾಗ ನೀವು ಏನು ಕ್ರಮ ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ.

ಅಂಗಡಿಯವ ತಕ್ಕಡಿ ಒರೆಸುತ್ತ ಹೇಳಿದ, “ಬೈಸ್ಕೋತೀನ್ರಿ.”

೩. ಒಂದು ಹೆಚ್ಚಿಗೆ

ಅಭಿಪ್ರಾಯ ಅಳೆಯುವ ಪ್ರಶ್ನೆಗಳಿಗೆ ಒಂದರಿಂದ ಐದರವರೆಗೆ ಅಂಕ. ಒಂದು ಎಂದರೆ ಒಪ್ಪುವುದೇ ಇಲ್ಲ, ಐದು ಎಂದರೆ ಪೂರ್ತಿ ಒಪ್ಪಿಗೆ. ಇದನ್ನು ಹಿಡಿದು ಮತ್ತೆ ಮುಚ್ಚಂಡಿಗೆ ಹೋದಾಗ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲಿದ್ದ ಹಿರಿಯರು ಕೂಡ್ರಿಸಿಕೊಂಡರು. ‘ಜಾಹೀರಾತು ನೋಡಿ ನಾನು ಮೋಸ ಹೋಗುವುದಿಲ್ಲ’ ಎಂಬ ವಾಕ್ಯ ಓದಿದೆ. ಇದಕ್ಕೆ ಎಷ್ಟು?

ಅವರಲ್ಲೇ ದೊಡ್ಡವರು ಕೇಳಿದರು, “ಯಳವಿಯವ್ರು ಎಷ್ಟ ಹೇಳ್ಯಾರ?”

“ಅದನ್ನು ಹೇಳೋ ಹಂಗಿಲ್ರಿ. ಅವರವರ ಉತ್ತರ ಗುಪ್ತವಾಗಿ ಇಡಬೇಕು.”

“ಇರ್ಲಿ, ಹೇಳಬ್ಯಾಡ್ರಿ. ಅವರು ಎಷ್ಟರ ಹೇಳಿರ್ಲಿ, ನಮಗ ಅದಕ್ಕಿಂತ ಒಂದ ಹೆಚ್ಚಿಗಿ ಬರ್ಕೋರಿ.”

೪. ಟವೆಲ್ಲಿನ ಕೆಳಗೆ

ಆ ಕಟ್ಟೆಯ ಮೇಲೆ ಕೂತವರೆಲ್ಲ ಒಂದೇ ಉತ್ತರ ಕೊಟ್ಟಿದ್ದರು. ಮಾರ್ಗದರ್ಶಕರು ಅದನ್ನು ನೋಡಿ ಕನ್ನಡಕ ತೆಗೆದರು. “ಮನೆಯಲ್ಲಿ ಕೂತು ನೀನೇ ತುಂಬಿದ್ದೀಯಾ? ಪ್ರತಿಯೊಬ್ಬರನ್ನೂ ಬೇರೆಯಾಗಿ ಕೇಳು. ಇಲ್ಲದಿದ್ದರೆ ನನ್ನ ಸಹಿ ಇಲ್ಲ.”

ಹಳ್ಳಿಯಲ್ಲಿ ಒಬ್ಬನನ್ನೇ ಕೇಳುವುದೆಂದರೆ ಹೇಗೆ? ಪೆನ್ನು ತೆಗೆದರೆ ಸಾಕು, ಹತ್ತು ಮಂದಿ ಸುತ್ತ ನಿಲ್ಲುತ್ತಾರೆ. ತಲೆಯ ಮೇಲೆ ಕೈ ಹೊತ್ತು ಮಾಡಗ್ಯಾಳದ ಕುರಿ ಸಂತೆಯಲ್ಲಿ ಕೂತಿದ್ದೆ. ಮಾಡಗ್ಯಾಳದ ಕುರಿ ಎಂದರೆ ಸುತ್ತಲೆಲ್ಲ ಹೆಸರುವಾಸಿ, ಬೆಲೆಯೂ ಹೆಚ್ಚು. ನನ್ನ ಸೋದರಮಾವ ಆ ಸಂತೆಯಲ್ಲಿ ಕುರಿ ದಲಾಲ. ನಮ್ಮ ಸಂತೆಯಲ್ಲಿ ದಲಾಲರು ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೈಗಳ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದೇ ಚೌಕಾಸಿ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ.

ಮಾವ ನನ್ನ ಕಷ್ಟ ಕೇಳಿ ನಕ್ಕ. “ಒಂದರಿಂದ ಐದ ಅಂತಿ. ಕೈಯಾಗ ಬೆರಳ ಎಷ್ಟ ಅದಾವೊ ಅಳಿಯಾ?”

ಅವತ್ತಿನಿಂದ ನನ್ನ ಹೆಗಲ ಮೇಲೆ ಟವೆಲ್ ಬಂತು. ಹೆಂಗಸರ ಪಾಳಿ ಬಂದಾಗ ನನ್ನ ಹೆಂಡತಿಯೇ ಬಂದು ಸೆರಗಿನ ಕೆಳಗೆ ಕೈ ಹಿಡಿದಳು. ಉತ್ತರಗಳು ಪೂರ್ತಿ ಬದಲಾದವು. ಅಂಗಡಿಯವನ ಮುಂದೆ ಅವನ ಮಾಲನ್ನು ಹೊಗಳುತ್ತಿದ್ದವರು ಟವೆಲ್ಲಿನ ಕೆಳಗೆ ಒಂದೇ ಬೆರಳು ಹಿಡಿದರು. ಒಂದೇ ಮನೆಯ ಅತ್ತೆ ಸೊಸೆಯರ ಉತ್ತರ ಒಂದಕ್ಕೊಂದು ತಾಳೆಯಾಗಲಿಲ್ಲ. ಮಾರ್ಗದರ್ಶಕರು ಸಹಿ ಹಾಕಿದರು. “ಆದರೆ ಕಡೆಯ ಮೌಖಿಕ ಪರೀಕ್ಷೆಯಲ್ಲಿ ಈ ಟವೆಲ್ಲಿನ ಕಥೆ ನೀನೇ ಹೇಳಬೇಕು, ನನ್ನನ್ನು ಎಳೆಯಬೇಡ” ಎಂದರು.

ಆ ದಿನ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಗಂಭೀರ ಮನುಷ್ಯ. ಅವರು ಕೇಳಿದ ಮೊದಲ ಪ್ರಶ್ನೆಯೇ, “ಹಳ್ಳಿಯ ಜನ ಮನಸ್ಸು ಬಿಚ್ಚಿ ಉತ್ತರ ಕೊಟ್ಟರೆಂದು ನಂಬುವುದು ಹೇಗೆ?” ನಾನು ಟವೆಲ್ಲಿನ ವಿಷಯ ಹೇಳಿದೆ. “ಕೇಳಲು ಚೆನ್ನಾಗಿದೆ” ಎಂದರು. ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಇಷ್ಟು ವರ್ಷ ತಿರುಗಿದ್ದು ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ಎದ್ದ ಸಪ್ಪಳ. ಈ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂತು ಕೇಳಬಹುದು ಎಂದು ನಾನೇ ಊರಲ್ಲಿ ಹೇಳಿದ್ದೆ. ಮಾವ ಬೆಳಗಿನ ಬಸ್ಸಿಗೇ ಬಂದುಬಿಟ್ಟಿದ್ದ, ತಲೆಗೆ ಹಳದಿ ಪಟಗಾ ಸುತ್ತಿಕೊಂಡು. ನೇರ ಪರೀಕ್ಷಕರ ಮುಂದೆ ನಿಂತು ಟವೆಲ್ ಬಿಚ್ಚಿದ. ಮಾರ್ಗದರ್ಶಕರು ಕಣ್ಣು ಮುಚ್ಚಿಕೊಂಡರು.

“ಸಾಹೇಬ್ರ, ಕೈ ಕೊಡ್ರಿ. ನಮ್ಮ ಅಳಿಯನ ಕೆಲಸ ಒಂದರಿಂದ ಐದರಾಗ ಎಷ್ಟಕ್ಕ ಕುಂದ್ರತೈತಿ? ಬಾಯಿ ಬಿಡಬ್ಯಾಡ್ರಿ, ಬೆರಳಲೇ ಹೇಳ್ರಿ” ಎಂದು ಮಾವ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಅಂದ.

ಪರೀಕ್ಷಕರಿಗೆ ಅದೇನು ಅನಿಸಿತೋ, ಕೈ ಕೊಟ್ಟರು. ಟವೆಲ್ ಅಲುಗಾಡಿತು. ಮಾವ ತಲೆ ಅಲ್ಲಾಡಿಸಿದ. ಮತ್ತೆ ಅಲುಗಾಡಿತು. ಪರೀಕ್ಷಕರ ಹುಬ್ಬು ಮೇಲೇರಿತು. ಮಾವ ಮುಖ ತಿರುಗಿಸಿ, ಬಿಟ್ಟು ಹೋಗುವವನ ಹಾಗೆ ಮಾಡಿ, ಮತ್ತೆ ಕೈ ಬಿಗಿಹಿಡಿದ. ಕಡೆಗೆ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು, ರೂಢಿಯಂತೆ, “ಯಾಪಾರ ಮುಗೀತ್ರಿ!” ಎಂದು ಕೂಗಿದ. ಸಂತೆಯ ದನಿ ಅದು, ಪಕ್ಕದ ಕೋಣೆಯವರೂ ಓಡಿ ಬಂದರು.

ಗಂಭೀರ ಪರೀಕ್ಷಕರು ಕೈ ಉಜ್ಜಿಕೊಳ್ಳುತ್ತ ಬಿದ್ದು ಬಿದ್ದು ನಕ್ಕರು. “ಈ ವಿಧಾನದ ಬಗ್ಗೆ ನನಗೆ ಇನ್ನು ಪ್ರಶ್ನೆ ಇಲ್ಲ” ಎಂದರು. ಉಳಿದ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿದ ಮೇಲೆ ನನಗೆ ಪದವಿ ಕೊಡಬಹುದೆಂದು ಎಲ್ಲರೆದುರು ಹೇಳಿದರು. ಮಾರ್ಗದರ್ಶಕರು ಎದ್ದು ನಿಂತು, “ನಮ್ಮ ಜತ್ತದ ಗ್ರಾಹಕನನ್ನು ಯಾರೂ ಮೋಸಗೊಳಿಸಲಾರರು” ಎಂದು ಭಾಷಣ ಶುರು ಮಾಡಿದರು. ಅವರ ಬಾಯಲ್ಲಿ ‘ನಮ್ಮ ಜತ್ತ’ ಎಂಬ ಮಾತು ಕೇಳಿ ಎದೆ ತುಂಬಿಬಂತು, ಕಣ್ಣಲ್ಲಿ ನೀರೂ ಬಂತು.

ಹೊರಗೆ ಬಂದ ಮೇಲೆ ಮಾವನ ಕಾಲು ಮುಟ್ಟಿ ಕೇಳಿದೆ, “ಮಾಮಾ, ಟವೆಲ್ಲಿನ ಕೆಳಗೆ ಅಷ್ಟು ಹೊತ್ತು ಏನು ನಡೀತು?”

“ಏನಿಲ್ಲೊ. ಅವರು ಮೂರಕ್ಕ ಕೇಳಿದ್ರು. ಐದರ ಕೆಳಗ ನಾ ಇಳೀಲಿಲ್ಲ” ಅಂದ ಮಾವ, ಪಟಗಾ ಸರಿಮಾಡಿಕೊಳ್ಳುತ್ತ. “ಮಾಡಗ್ಯಾಳ ಮಾಲೊ ಅಳಿಯಾ, ಮೂರಕ್ಕ ಕೊಡ್ಲಾಕ ಬರತೈತೇನ?”